ಅಮ್ಮಚ್ಚಿಯ ಗೋಡೆ

ಕಾಣಿಯೂರು
೧೬ ಫೆಬ್ರವರಿ ೨೦೨೫

ಪ್ರೀತಿಯ ರೋಬಿನ್,

ನಿನ್ನ ಸೊಂಟನೋವು ಹೇಗಿದೆ? ಮಸ್ಕತ್ತಿನಲ್ಲಿ ಒಳ್ಳೆಯ ಎಣ್ಣೆ ಸಿಗುವುದಿಲ್ಲ ಎಂದಿದ್ದೆಯಲ್ಲ, ಚಿಕ್ಕಪ್ಪನ ಮಗಳು ಟಿನ್ಸಿ ರಜೆ ಮುಗಿಸಿ ಅಲ್ಲಿಗೇ ಹೊರಟಿದ್ದಾಳೆ, ಈ ಕಾಗದದ ಜೊತೆ ಅವಳ ಕೈಯಲ್ಲಿ ಒಂದು ಬಾಟಲಿ ಕೊಟ್ಟಿದ್ದೇನೆ. ಮಲಗುವ ಮೊದಲು ಹಚ್ಚಿಕೋ. ಕೇಳಬೇಕಾದ್ದನ್ನು ಕೇಳಿಯಾಯಿತು. ಇನ್ನು ಮುಂದಿನದೆಲ್ಲ ಬೈಗುಳ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ಅಳುತ್ತಾ ಬೈಯಲು ಆಗುವುದಿಲ್ಲ. ಅದಕ್ಕೇ ಕಾಗದ.

ಅಮ್ಮಚ್ಚಿಯ ನೆನಪಿಗೆ ನಾವು ಕಟ್ಟಿಸಿದ ಬಸ್ ತಂಗುದಾಣಕ್ಕೆ 'ದಿವಂಗತ ಏಲಿಯಮ್ಮ' ಎಂದು ಒಂದು ಕಲ್ಲು ಹಾಕಿದರೆ ಸಾಕು ಎಂದರು ಎಲ್ಲರೂ. ಒಳಗೋಡೆಯಲ್ಲಿ ಒಡೆದ ಟೈಲ್ಸ್ ಚೂರುಗಳಿಂದ ಅವಳ ಮುಖ ಮಾಡುತ್ತೇನೆ ಎಂದವಳು ನಾನು. "ನಿನ್ನಿಷ್ಟ ಚೇಚಿ" ಎಂದು ಅಕ್ಕನಿಗೆ ಒಪ್ಪಿಗೆ ಕೊಟ್ಟವನು ನೀನು. ಮಳೆ ನಿಂತ ಮೇಲೆ ಶುರು ಮಾಡಿದ್ದು, ಕ್ರಿಸ್‌ಮಸ್ ಕಳೆದರೂ ಅಂಟಿಸುತ್ತಲೇ ಇದ್ದೆ. ಬೆರಳ ತುದಿಗಳೆಲ್ಲ ಕೊಯ್ದುಹೋಗಿದ್ದವು. ಮುಗಿದ ದಿನ ಎದುರಿನ ಅಂಗಡಿಯ ಪಾತು ರಸ್ತೆಯ ಆಚೆಯಿಂದಲೇ ಕೂಗಿದಳು, "ಎಂತ ಮಾರಾಯ್ತಿ ಇದು? ನಿನ್ನ ಅಮ್ಮನಿಗೆ ಮೀಸೆ ಉಂಟಲ್ಲ!" ರಸ್ತೆ ದಾಟಿ ನೋಡಿದೆ. ಹೌದು! ಮೂಗಿನ ಕೆಳಗೆ ನೆರಳೆಂದು ಹಾಕಿದ ಕಂದು ಚೂರುಗಳು ದೂರದಿಂದ ದಪ್ಪ ಮೀಸೆಯಾಗಿದ್ದವು. ಅಷ್ಟು ದಿನ ಗೋಡೆಗೆ ಮೂಗು ತಾಗಿಸಿಕೊಂಡೇ ಕೆಲಸ ಮಾಡಿದವಳು, ಬಸ್ಸಿನೊಳಗೆ ಕುಳಿತವರು ಎಲ್ಲಿಂದ ನೋಡುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಿಂದ ಪಾತುವಿನ ಬೆಂಚಿನಲ್ಲಿ ಕುಳಿತುಬಿಟ್ಟೆ. ಕುಳಿತಲ್ಲಿಂದಲೇ ನೋಡುತ್ತಾ ನೋಡುತ್ತಾ ಇನ್ನೊಂದು ತಿಳಿಯಿತು, ಸಂದಿಗೆ ತುಂಬಿದ ಕಪ್ಪು ಸಿಮೆಂಟ್ ಕಣ್ಣುಗಳನ್ನೂ ನುಂಗಿತ್ತು. ಎಲ್ಲಿ ತಪ್ಪಿದೆ ಎಂದು ಗೊತ್ತಾದ ಮೇಲೆ ನಾಚಿಕೆ ಎಲ್ಲಿ ಹೋಯಿತೋ! ಮರುದಿನ ಬೆಳಿಗ್ಗೆಯೇ ತಿಳಿಬಣ್ಣದ ಚೂರು ಹುಡುಕಿಕೊಂಡು ಪುತ್ತೂರಿಗೆ ಹೋದೆ.

ಅಷ್ಟರಲ್ಲಿ ಯಾರೋ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಎಲ್ಲರೂ ನಕ್ಕರು. ನಗಲಿ, ಮೀಸೆ ನೋಡಿ ನಗದೆ ಇನ್ನೇನು ಮಾಡುತ್ತಾರೆ? ನೀನೂ ನಕ್ಕಿದ್ದರೆ ನನಗೆ ಸಿಟ್ಟೇ ಬರುತ್ತಿರಲಿಲ್ಲ. ನೀನು ನನ್ನನ್ನು ಒಂದು ಮಾತು ಕೇಳದೆ ಕೂಸಪ್ಪ ಮೇಸ್ತ್ರಿಗೆ ಫೋನ್ ಮಾಡಿದೆ. ಮಧ್ಯಾಹ್ನ ಚೂರಿನ ಗೋಣಿ ಹಿಡಿದು ಬಸ್ಸಿಳಿದರೆ ಗೋಡೆ ಇಡೀ ಬಿಳಿ ಸಿಮೆಂಟ್ ಮೆತ್ತಿ ಬೆಳ್ಳಗೆ. ಕೂಸಪ್ಪ ಕರಣೆ ತೊಳೆಯುತ್ತಿದ್ದ. "ರೋಬಿನಣ್ಣ ಹೇಳಿದ್ರು ಅಕ್ಕ, ಮರ್ಯಾದೆ ಹೋಗುದು ಬೇಡ, ಸಾರಣೆ ಮಾಡಿ ಮುಚ್ಚು ಅಂತ. ನಿಮಗೆ ಗೊತ್ತುಂಟು ಅಂತ ಎಣಿಸಿದೆ" ಎಂದ.

ಯಾರ ಮರ್ಯಾದೆ, ರೋಬಿನ್? ಅಮ್ಮಚ್ಚಿಯದ್ದಾ? ಅವಳು ಮೊದಲ ಸಲ ಹೊಲಿದ ನಿನ್ನ ಶಾಲೆಯ ಚಡ್ಡಿಗೆ ಒಂದು ಕಾಲು ಉದ್ದವಾಗಿತ್ತು, ನೆನಪಿದೆಯಾ? ಅದನ್ನು ಒಲೆಗೆ ಹಾಕಿದಳಾ? ಬೈದುಕೊಳ್ಳುತ್ತಾ ಹೊಲಿಗೆ ಬಿಚ್ಚಿದಳು, ಮತ್ತೆ ಹೊಲಿದಳು. ನೀನು ಅದನ್ನೇ ಹಾಕಿಕೊಂಡು ರಾಮಕುಂಜದ ಶಾಲೆಗೆ ಹೋದೆ. ಕೆಟ್ಟ ಕೆಲಸವನ್ನು ಮುಚ್ಚಿದರೆ ಅದು ಒಳಗೆ ಕೆಟ್ಟದ್ದಾಗಿಯೇ ಉಳಿಯುತ್ತದೆ ಮಾರಾಯ. ಕೆಡಿಸಿದವಳು ನಾನು, ತಿದ್ದಬೇಕಾದವಳೂ ನಾನೇ. ಅದನ್ನು ನೀನು ಅಲ್ಲಿ ಕುಳಿತು, ಒಂದೇ ಫೋನಿನಲ್ಲಿ ನನ್ನ ಕೈಯಿಂದ ಕಿತ್ತುಕೊಂಡೆ.

ಬೈದದ್ದು ಸಾಕು. ಮಕ್ಕಳಿಗೆ ಮುತ್ತು. ಎಷ್ಟು ಸಿಟ್ಟಿದ್ದರೂ ನಿನ್ನ ಹೆಸರು ಹೇಳದೆ ನನ್ನ ಸಂಜೆಯ ಪ್ರಾರ್ಥನೆ ಮುಗಿಯುವುದಿಲ್ಲ. ದೇವರು ನಿನ್ನನ್ನು ಕಾಯಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಚೇಚಿ,
ಲೈಸಾ

ತಾ.ಕ.: ಟಿನ್ಸಿಯ ಕಾರು ಹೊರಗೆ ಹಾರ್ನ್ ಹೊಡೆಯುತ್ತಿದೆ. ಆ ದಿನ ನಾನು ಬರುವಾಗ ಸಾರಣೆ ಇನ್ನೂ ಹಸಿಯಿತ್ತು. ಕೂಸಪ್ಪನನ್ನು ಬದಿಗೆ ಸರಿಸಿ, ಗೀಟು ಕೂಡ ಎಳೆಯದೆ, ಸಿಟ್ಟಿನಲ್ಲೇ ಚೂರುಗಳನ್ನು ಒತ್ತುತ್ತಾ ಹೋದೆ. ಸ್ವಲ್ಪ ಒತ್ತುವುದು, ರಸ್ತೆ ದಾಟಿ ನೋಡುವುದು. ಈ ಸಲ ಮುಖ ಮಾಡಲಿಲ್ಲ. ದಿನಾ ಬೆಳಿಗ್ಗೆಯ ಹಾಗೆ ರಬ್ಬರ್ ಹಾಲಿನ ಬಕೆಟ್ ಹಿಡಿದು, ಬಲ ಹೆಗಲು ತಗ್ಗಿಸಿಕೊಂಡು, ನಮಗೆ ಬೆನ್ನು ಹಾಕಿ ನಡೆದುಹೋಗುವ ಅಮ್ಮಚ್ಚಿ. ಪಾತು ನೋಡಿ "ಏಲಿಯಮ್ಮ" ಎಂದಳು, ಅಷ್ಟೇ. ಎಡಗಾಲು ಮುಗಿಯುವ ಮೊದಲೇ ಸಿಮೆಂಟ್ ಗಟ್ಟಿಯಾಗಿ ಮೊಣಕಾಲಿಗೇ ನಿಂತಿದೆ. ಅದನ್ನು ನಾನೇ ಮಾಡುತ್ತೇನೆ. ನೀನು ಯಾರಿಗೂ ಫೋನ್ ಮಾಡಬೇಡ.