ನಾಯಿಗೆ ಹೊಲಿದ ನೀಲಿ ಅಂಗಿ

ಮಾರ್ಚ್ 17, ಭಾನುವಾರ. ಮಸಾಯ.

ಹರಕೆ ತೀರಿತು, ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ.

ಹೋದ ವರ್ಷ ನನ್ನ ಗಂಡ ಲಿಯೊನ್ಸಿಯೊನ ಕಾಲಿನ ಹುಣ್ಣು ಕೊಳೆಯುತ್ತಿದ್ದಾಗ, ವಾಸಿಯಾದರೆ ನಮ್ಮ ನಾಯಿ ಕನೇಲಾಗೆ ಅಂಗಿ ತೊಡಿಸಿ, ನಾಯಿಗಳು ಹುಣ್ಣು ನೆಕ್ಕಿದ ಸಂತ ಲಾಜರನ ಮುಂದೆ ತರುತ್ತೇನೆಂದು ಅವನೇ ಹರಕೆ ಹೊತ್ತಿದ್ದ. ಕಾಲು ವಾಸಿಯಾಯಿತು. ಅದೇ ಕಾಲಿನಲ್ಲಿ ನಡೆದು, ಕಾಫಿ ಕೊಯ್ಲಿಗೆಂದು ಗಡಿ ದಾಟಿದವನ ಸುದ್ದಿಯೇ ಇಲ್ಲ.

ಅವನ ನೀಲಿ ಅಂಗಿಯನ್ನೇ ಕತ್ತರಿಸಿ ಕನೇಲಾಗೆ ಹೊಲಿದೆ. ಅತ್ತೆ ನೋಡಿ, "ಹರಕೆ ಹೊತ್ತವನು ಅವನು ಕಣೇ, ತೀರಿಸೋಕೆ ನೀನ್ಯಾಕೆ ಸಾಯ್ತೀಯ? ಆ ಸಂತ ಕಾಲು ಕೊಟ್ಟ, ಬುದ್ಧಿ ಕೊಡೋದು ಮರೆತ" ಎಂದು ಮಗನನ್ನು ಬೈದರು. ಆಮೇಲೆ ಗುಂಡಿ ಹಾಕಲು ಅವರೇ ಬಂದು ಕೂತರು.

ಇವತ್ತು ಸಂತನ ಹಬ್ಬ; ಚರ್ಚಿನ ತುಂಬ ಹರಕೆಗೆಂದು ಟೋಪಿ, ಲಂಗ ತೊಟ್ಟ ನಾಯಿಗಳು. ಕನೇಲಾ ಎದುರಾದ ಗಂಡಸರ ಕಾಲುಗಳನ್ನೆಲ್ಲ ಮೂಸಿತು. ನಾನು ಮುಖಗಳನ್ನು ನೋಡಿದೆ.

ಅವನನ್ನು ಕರೆತಾ ಎಂದು ಬೇಡಲು ಹೋಗಿದ್ದೆ. ಮೇಣದಬತ್ತಿ ಹಚ್ಚಿದ ಮೇಲೆ, "ಅಪ್ಪಾ, ಕಾಲು ಉಳಿಸಿದೆ, ಅಷ್ಟು ಸಾಕು" ಎಂದುಬಿಟ್ಟೆ. ಕೃತಜ್ಞತೆ ಹೇಳುವ ಜಾಗದಲ್ಲಿ ಮತ್ತೆ ಕೈ ಚಾಚಲು ನಾಚಿಕೆಯಾಯಿತು.

"ಏನು ಕೇಳ್ಕೊಂಡೆ?" ಎಂದರು ಅತ್ತೆ.

"ಏನೂ ಇಲ್ಲ."

"ಪೆದ್ದಿ!"

ನಿಜ. ಸಾಕಾಗಿಲ್ಲ, ಸಂತನೇ. ಆ ಕಾಲನ್ನು ಈ ಕಡೆಗೆ ತಿರುಗಿಸು.