ಡಬ್ಬಿಯನ್ನಲ್ಲ, ಸಂಖ್ಯೆಯನ್ನು ನೋಡಿ

ತೇಲೂರು, ಫೆಬ್ರವರಿ ೩೦, ೨೩೧೨

ಜಾವಾ ಎಂಬ ಯಂತ್ರಭಾಷೆಯಲ್ಲಿ ಬರೆಯುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಕೋಪಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಕಾರವಾರದಾಚೆ ಸಮುದ್ರದ ಮೇಲೆ ತೇಲುವ ಊರು ನಮ್ಮದು. ಪಾಚಿ ರೊಟ್ಟಿ ತಿನ್ನುತ್ತೇವೆ, ಬಲೆ ಹರಡಿ ಮಂಜಿನಿಂದ ಕುಡಿಯುವ ನೀರು ಹಿಡಿಯುತ್ತೇವೆ, ಗಾಳಿ ಜೋರಾದರೆ ಮನೆಗಳನ್ನು ಒಂದಕ್ಕೊಂದು ಬಿಗಿಯುತ್ತೇವೆ. ಇಲ್ಲಿ ಪ್ರತಿ ಮನುಷ್ಯನೂ ಒಂದು ಗಂಟು, ಪ್ರತಿ ಸಂಬಂಧವೂ ಒಂದು ಎಳೆ. ಇವನ್ನೆಲ್ಲ ಕಾಯುವ ಯಂತ್ರ ಎಳೆಗಣಿ. ನಿಮ್ಮ ಕಾಲದಲ್ಲಿ ನೀವೇ ಬರೆದದ್ದು; ಗ್ರಾಫ್ ಡೇಟಾಬೇಸ್ ಎನ್ನುತ್ತಿದ್ದಿರಂತೆ. ದಾಖಲಾದ ಕ್ರಮದಲ್ಲಿ ಒಂದೊಂದು ಗಂಟಿಗೂ ಒಂದು ಸಂಖ್ಯೆ. ನನ್ನದು ನೂರಿಪ್ಪತ್ತೆಂಟು.

ನನ್ನ ಮಗಳು ಇಬ್ಬನಿಗೆ ಕಿವಿ ಕೇಳದಾಗುತ್ತಾ ಬಂದಿದೆ. ಶಸ್ತ್ರಚಿಕಿತ್ಸೆ ದಡದಲ್ಲಿ. ಮಕ್ಕಳನ್ನು ತಾಯಿಯ ಜೊತೆಗೆ ಮಾತ್ರ ದೋಣಿಗೆ ಹತ್ತಿಸುತ್ತಾರೆ. ಎರಡು ಸಲ ಹೋದೆವು, ಎರಡು ಸಲವೂ ನಾನು ಅವಳ ತಾಯಿಯಲ್ಲವೆಂದು ಎಳೆಗಣಿ ಹೇಳಿತು. ಅವಳನ್ನು ಹೆರಿಗೆಯಲ್ಲಿ ಕೈಗೆತ್ತಿಕೊಂಡ ಬೊಮ್ಮಕ್ಕನೇ ಈಗ ದೋಣಿಕಟ್ಟೆಯ ಕಾವಲು. ಅವಳ ಮುಖವೂ ಬಾಡಿತು. "ನಾ ಎಂತ ಮಾಡ್ಲೆ ತಂಗಿ, ಇದು ಒಪ್ಪೂದೇ ಇಲ್ಲ" ಎಂದಳು.

ಯಂತ್ರ ರಿಪೇರಿ ನನ್ನ ಕಸುಬು. ಎಳೆಗಣಿಯನ್ನು ಬಿಚ್ಚಿ ಒಳಗೆ ನೀವು ಬರೆದದ್ದನ್ನು ಓದಿದೆ. ಮೈ ಉರಿಯಿತು. ನೀವು ಸಂಖ್ಯೆಯನ್ನು ಡಬ್ಬಿಯಲ್ಲಿಟ್ಟು ಸಾಗಿಸುತ್ತೀರಿ. ದೋಣಿಕಟ್ಟೆಯ ಬಾಗಿಲಲ್ಲಿ ನಾನು ಕೊಡುವ ಸಂಖ್ಯೆಗೆ ಒಂದು ಡಬ್ಬಿ, ಇಬ್ಬನಿಯ ಎಳೆಯಲ್ಲಿರುವ ತಾಯಿಯ ಸಂಖ್ಯೆಗೆ ಇನ್ನೊಂದು. ಎರಡರೊಳಗೂ ನೂರಿಪ್ಪತ್ತೆಂಟೇ ಇದೆ. ಹೋಲಿಸಲು ನೀವು ಹಾಕಿದ ಜೋಡಿ ಸಮಚಿಹ್ನೆ ಒಳಗೆ ಇಣುಕುವುದೇ ಇಲ್ಲ. ಎರಡೂ ಒಂದೇ ಡಬ್ಬಿಯೇ ಎಂದಷ್ಟೇ ಕೇಳುತ್ತದೆ. ನೂರಿಪ್ಪತ್ತೇಳರವರೆಗೆ ಜಾವಾ ಒಂದೊಂದು ಸಂಖ್ಯೆಗೂ ಒಂದೇ ಸಿದ್ಧ ಡಬ್ಬಿಯನ್ನು ಎಲ್ಲೆಡೆ ಕೊಡುವುದರಿಂದ ಹಳೆಯ ತಾಯಂದಿರೆಲ್ಲ ಸಲೀಸಾಗಿ ದಾಟಿದರು. ಅಲ್ಲಿಂದಾಚೆ ಪ್ರತಿ ಸಲ ಹೊಸ ಡಬ್ಬಿ. ಆಫೀಸಿನ ಹತ್ತು ಮಂದಿ ಗೆಳೆಯರ ಹೆಸರು ಹಾಕಿ ಪರೀಕ್ಷಿಸಿದಿರಿ, ಸರಿಹೋಯಿತು, ಚಹಾಕ್ಕೆ ಎದ್ದಿರಿ, ಅಲ್ಲವೇ? ಇಲ್ಲಿಂದ ತಿದ್ದೋಣವೆಂದರೆ ಒಂದಕ್ಷರ ಮುಟ್ಟಿದರೂ ಯಂತ್ರ ಮುದ್ರೆ ಮುರಿಯಿತೆಂದು ಬಾಗಿಲು ಹಾಕಿಕೊಳ್ಳುತ್ತದೆ. ಅದನ್ನು ಹಾಗೆ ಭದ್ರ ಮಾಡಿದವರೂ ನೀವೇ.

ಕೇಳುವುದಿಷ್ಟೇ. ಹೋಲಿಸುವಲ್ಲಿ ಜೋಡಿ ಸಮಚಿಹ್ನೆ ತೆಗೆದು, ಡಬ್ಬಿಯೊಳಗೆ ಇಣುಕುವ ಈಕ್ವಲ್ಸ್ ಎಂದು ಬರೆಯಿರಿ. ಒಂದೇ ಸಾಲಿನ ಕೆಲಸ. ಪುಣ್ಯ ಬರುತ್ತದೆ.

ದೋಣಿ ಹುಣ್ಣಿಮೆಗೆ ಮತ್ತೆ ಬರುತ್ತದೆ. ಬಲಗಿವಿ ಆಗಲೇ ಹೋಯಿತು. ಎಡಗಿವಿಗೆ ಬಾಯಿಟ್ಟು ಕೂಗಿದರೆ ಇಬ್ಬನಿ ಇನ್ನೂ ತಿರುಗಿ ನೋಡುತ್ತಾಳೆ. ಈಗಲೇ ಬರೆಯಿರಿ.

ಇಬ್ಬನಿಯ ತಾಯಿ,
ಮಂದಾರೆ