ಅರ್ಧ ಸುತ್ತು ತಿರುಪಿಗೆ ಒಂದು ಸೇತುವೆಯ ಬಲಿ

ಮಾನ್ಯ ಕೌಂಟಿ ಎಂಜಿನಿಯರರೇ,

ಹೂಪರ್ ಹಳ್ಳದ ಕಬ್ಬಿಣದ ಸೇತುವೆಯನ್ನು ಈ ಆಗಸ್ಟ್ ಹದಿನೆಂಟರಂದು ಕೆಡವಿಸಲಿದ್ದೀರಿ. ನಡುವಿನ ಅಂಕಣದ ಓರೆ ಸರಳುಗಳು ಸಡಿಲವಾಗಿವೆ, ಆದ್ದರಿಂದ ಸೇತುವೆ ಅಪಾಯಕಾರಿ ಎಂಬುದು ನೀವು ಕೊಟ್ಟ ಕಾರಣ. ಜೂನ್‌ನಲ್ಲೇ ಎರಡೂ ಬದಿಗೆ ಕಾಂಕ್ರೀಟ್ ದಿಮ್ಮಿ ಇಟ್ಟು ಮುಚ್ಚಿಯೂ ಆಯಿತು. ನೂರ ಇಪ್ಪತ್ತೆಂಟು ವರ್ಷ ನಿಂತ ಸೇತುವೆಗೆ ಮರಣದಂಡನೆ ಬರೆಯುವ ಮೊದಲು, ಆ ಸರಳುಗಳು ಏಕೆ ಸಡಿಲವಾದವು ಎಂದು ಯಾರನ್ನಾದರೂ ಕೇಳಿದಿರಾ? ನನ್ನನ್ನು ಕೇಳಬಹುದಿತ್ತು. ನಿಮ್ಮದೇ ಇಲಾಖೆಯ ರಸ್ತೆ ತಂಡದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವನು ನಾನು.

ಆ ಸರಳುಗಳ ಮಧ್ಯೆ ಒಂದೊಂದು ತಿರುಪು ಇದೆ. ಅದನ್ನು ಅಂದಕ್ಕೆ ಇಟ್ಟದ್ದಲ್ಲ. ಓಹಾಯೊದ ಚಳಿಯಲ್ಲಿ ಕುಗ್ಗಿ ಬಿಸಿಲಲ್ಲಿ ಹಿಗ್ಗುವ ಕಬ್ಬಿಣ ಕಾಲಕ್ರಮೇಣ ಸಡಿಲವಾಗುತ್ತದೆ, ಆಗ ಬಿಗಿ ಮಾಡಿಕೊಳ್ಳಲಿ ಎಂದೇ ಕಟ್ಟಿದವರು ಇಟ್ಟಿದ್ದಾರೆ. ಪ್ರತಿ ಏಪ್ರಿಲ್‌ನಲ್ಲಿ ತಂಡದಿಂದ ನಾವಿಬ್ಬರು ಆಳು ಹೋಗಿ, ತಿರುಪಿಗೆ ಹಾರೆ ತೂರಿಸಿ ಅರ್ಧ ಸುತ್ತು ತಿರುಗಿಸುತ್ತಿದ್ದೆವು. ನಮ್ಮ ಮೇಸ್ತ್ರಿ ಕ್ಲೈಡ್ ಸ್ನೇವ್ಲಿ ಸರಳಿಗೆ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿ, "ಏಯ್, ಸಾಕು ನಿಲ್ಸೋ ಮಾರಾಯ! ಸೊಂಟದ ಬೆಲ್ಟ್ ಇದ್ದಂಗೆ ಇದು, ಉಸಿರಾಡೋಕೆ ಜಾಗ ಬಿಡು" ಎಂದು ಗದರುತ್ತಿದ್ದ. ಎಂಜಿನಿಯರ್ ಹುದ್ದೆಯ ಚುನಾವಣೆಯಲ್ಲಿ ನೀವು ಗೆದ್ದು ಬಂದ ಮೇಲೆ ಸೇತುವೆಗಳ ಕೆಲಸವನ್ನೆಲ್ಲ ಗುತ್ತಿಗೆಗೆ ಕೊಟ್ಟಿರಿ. ಗುತ್ತಿಗೆಯ ಕಾಗದದಲ್ಲಿ ಹುಲ್ಲು ಕತ್ತರಿಸುವುದಿತ್ತು, ಬಣ್ಣ ಬಳಿಯುವುದಿತ್ತು, ತಿರುಪು ಮಾತ್ರ ಇರಲಿಲ್ಲ. ಆರು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ನಿಮ್ಮ ತಪಾಸಣೆಯವರು ಬಂದು ಸರಳನ್ನು ಅಲ್ಲಾಡಿಸಿ ನೋಡಿ 'ಸಡಿಲ' ಎಂದು ಬರೆದುಕೊಂಡು ಹೋದರು. ಮಗುವಿನ ಉಗುರನ್ನು ಆರು ವರ್ಷ ಕತ್ತರಿಸದೆ ಬಿಟ್ಟು, ಕೈ ವಿಕಾರವಾಗಿದೆ, ಕೈಯನ್ನೇ ತೆಗೆಯಿರಿ ಎಂದ ಹಾಗಾಯಿತು ನಿಮ್ಮ ನ್ಯಾಯ.

ಪಕ್ಕದ ಕೌಂಟಿಯಲ್ಲಿ ಇದರ ಜೊತೆಗೇ ಹುಟ್ಟಿದ ಇನ್ನೊಂದು ಸೇತುವೆ ಇದೆ. ಅದೇ ಕಾರ್ಖಾನೆ, ಅದೇ ವರ್ಷ. ಕಳೆದ ವಾರ ನೋಡಿಬಂದೆ. ಅಲ್ಲಿನವರು ಇಂದಿಗೂ ಏಪ್ರಿಲ್ ತಪ್ಪಿಸುವುದಿಲ್ಲ. ಹಾಲಿನ ಗಾಡಿ ಬಂತು, ಹಿಂದೆಯೇ ಒಂದು ಕುದುರೆ ಬಂಡಿ ಬಂತು. ಭಾರ ಬಿದ್ದ ಕಡೆಯ ಸರಳುಗಳು ಬಿಗಿದವು, ಗಾಡಿ ದಾಟಿದ ಮೇಲೆ ಮತ್ತೆ ಹಗುರಾದವು. ಯಾವ ತುಂಡು ಏನು ಹೊರುತ್ತಿದೆ ಎಂಬುದು ಓದು ಬರದವನಿಗೂ ಕಾಣುತ್ತದೆ. ಅಂಥ ಕೆಲಸ ಅದು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಇನ್ನು ನಿಮ್ಮ ಕಡತದ ಅತ್ಯಂತ ಸುಂದರ ಸಾಲಿಗೆ ಬರುತ್ತೇನೆ: 'ಬಳಕೆದಾರರಿಂದ ಬಂದ ಆಕ್ಷೇಪಣೆ: ಶೂನ್ಯ.' ಸ್ವಾಮಿ, ಆ ಸೇತುವೆಯ ಬಳಕೆದಾರರಲ್ಲಿ ಮುಕ್ಕಾಲು ಪಾಲು ಆಮಿಶ್ ಎಂಬ ಕ್ರೈಸ್ತ ಪಂಗಡದವರು. ಕಾರು, ಕರೆಂಟು, ಕೋರ್ಟು ಮೂರನ್ನೂ ಮುಟ್ಟದ ಜನ. ಅವರಿಗೆ ನೀವು ಆಕ್ಷೇಪಣೆ ಕೇಳುವ ಸಭೆಯ ಪ್ರಕಟಣೆ ಕೊಟ್ಟದ್ದು ಇಂಟರ್‌ನೆಟ್ಟಿನಲ್ಲಿ! ಹಳ್ಳದಾಚೆಯ ಎನೊಸ್ ಗಿಂಗರಿಚ್‌ಗೆ ನಾನೇ ಹೋಗಿ ಹೇಳಿದೆ.

"ಎನೊಸ್, ಸಭೆಗೆ ಬಾರಯ್ಯ. ಒಂದು ಮಾತು ಹೇಳು ಸಾಕು."

"ಅಧಿಕಾರಿಗಳ ಎದುರು ನಿಂತು ವಾದ ಮಾಡೋದು ನಮ್ಮಲ್ಲಿಲ್ಲ ಕಣಪ್ಪ ವೆಂಡೆಲ್. ನಿಂಗೊತ್ತಲ್ಲ."

"ವಾದ ಬೇಡ ಕಣೋ, ಸುಮ್ನೆ ಬಂದು ಕೂತ್ಕೋ."

"ನಾವು ನಲವತ್ತು ಜನ ಹ್ಯಾಟ್ ಹಾಕ್ಕೊಂಡು ಸುಮ್ನೆ ಕೂತ್ರೆ, ಅದೂ ವಾದಾನೇ ಅಲ್ವೇನೋ?"

ಅವನು ಬರಲಿಲ್ಲ. ನಾನು ಬಂದು ಮಾತಾಡಿದೆ. ಹಳ್ಳದ ಈಚೆಗೆ ಮನೆ ಇರುವುದರಿಂದ ನಾನು 'ಬಳಕೆದಾರ' ಅಲ್ಲವಂತೆ. ಹೊಡೆದರೂ ಕೂಗದವರನ್ನು ಕಂಡು ನೋವೇ ಇಲ್ಲ ಎಂದು ಷರಾ ಬರೆಯುವುದಕ್ಕೆ ಯಾವ ಕಾಲೇಜಿನಲ್ಲಿ ಕಲಿತಿರಿ?

ಸೇತುವೆ ಮುಚ್ಚಿದ ಮೇಲೆ ಬಂಡಿಗಳು ಹೆದ್ದಾರಿಯಲ್ಲಿ ನಾಲ್ಕು ಮೈಲಿ ಸುತ್ತಿ ಹೋಗಬೇಕು. ಜುಲೈ ಮೂವತ್ತರ ಬೆಳಿಗ್ಗೆ ಎನೊಸ್‌ನ ಮಗಳು ಮಾಲಿಂಡಾ ಶಾಲೆ ಗುಡಿಸಿ ಒರೆಸಲೆಂದು ಆ ದಾರಿಯಲ್ಲಿ ಹೊರಟಿದ್ದಳು. ಅವರ ಒಂದೇ ಕೋಣೆಯ ಶಾಲೆಗೆ ಅವಳೇ ಟೀಚರು. ದಿಬ್ಬದ ತುದಿಯಲ್ಲಿ ಲಾರಿಯೊಂದು ಹಿಂದಿನಿಂದ ಗುದ್ದಿತು. ಕುದುರೆ ಅಲ್ಲೇ ಸತ್ತಿತು. ಅವಳ ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಆಗಸ್ಟ್ ಇಪ್ಪತ್ತಾರಕ್ಕೆ ಶಾಲೆ ಶುರು. ಮೂವತ್ತೊಂದು ಮಕ್ಕಳು ಅದೇ ಹೆದ್ದಾರಿಯ ಅಂಚಿನಲ್ಲಿ, ಅದೇ ದಿಬ್ಬ ಹತ್ತಿ ಇಳಿದು ಹೋಗಬೇಕು. ನಿಮ್ಮ ಹೊಸ ಸೇತುವೆ ಮುಗಿಯಲು ಎರಡು ವರ್ಷ ಬೇಕೆಂದು ನೀವೇ ಹೇಳಿದ್ದೀರಿ. ಅಲ್ಲಿಯವರೆಗೆ ಇನ್ನೆಷ್ಟು ಕುದುರೆ, ಇನ್ನೆಷ್ಟು ಮೂಳೆ?

ಕೆಡವಿದ ಜಾಗದಲ್ಲಿ ಸ್ಮಾರಕ ಫಲಕ ನಿಲ್ಲಿಸುತ್ತೀರಂತೆ. ಫಲಕದ ಮೇಲೆ ಯಾವ ಬಂಡಿ ದಾಟುತ್ತದೆ?

ನನ್ನ ಬೇಡಿಕೆ ಇಷ್ಟೇ. ಕೆಡವುವ ಆದೇಶ ವಾಪಸಾಗಬೇಕು. ಒಂದು ಬೆಳಗಿನ ಹೊತ್ತಿಗೆ ಇಬ್ಬರು ಆಳು, ಒಂದು ಹಾರೆ ಕಳಿಸಿ. ಆಳಿಲ್ಲದಿದ್ದರೆ ನನ್ನ ಎಪ್ಪತ್ತೊಂದರ ಮಂಡಿ ಇನ್ನೂ ಬಗ್ಗುತ್ತದೆ. ಆಮೇಲೆ ಇಂಥ ಹಳೆಯ ಸೇತುವೆಗಳನ್ನು ಬಲ್ಲವರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಶಾಲೆ ತೆರೆಯುವುದರೊಳಗೆ ಬಂಡಿಗಳನ್ನಾದರೂ ಬಿಡಿ.

ನಿನ್ನೆ ಮಾಲಿಂಡಾಳನ್ನು ನೋಡಲು ಹೋಗಿ, ಈ ಪತ್ರ ಬರೆಯುತ್ತಿರುವುದನ್ನು ಹೇಳಿದೆ. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಹುಡುಗಿ, "ಬರೀರಿ, ಆದ್ರೆ ಅವ್ರನ್ನ ಬೈಬೇಡಿ ವೆಂಡೆಲ್. ಲಾರಿಯವನ್ನೂ ಆ ಎಂಜಿನಿಯರನ್ನೂ ನಾವು ಆವತ್ತೇ ಕ್ಷಮಿಸಿಬಿಟ್ವಿ" ಎಂದಳು.

ಅವರು ನಿಮ್ಮನ್ನು ಕ್ಷಮಿಸಿದ್ದಾರೆ. ನಾನು ಆ ಚರ್ಚಿನವನಲ್ಲ.

ಇಂತಿ,
ಎರಡು ಚುನಾವಣೆಯಲ್ಲೂ ನಿಮಗೇ ಮತ ಹಾಕಿದ ತಪ್ಪಿಗೆ ತಲೆ ತಗ್ಗಿಸಿರುವ,
ವೆಂಡೆಲ್ ಕ್ರೈಡರ್